ಬೈರನಿಂದ ಹೆಜ್ಜೆ ಓದಲು ಕಲಿತ ಕೆನೆತ್ ಆಂಡರ್ಸನ್

ಮಕ್ಕಳೇ, ನೀವು ಖಾನಾಪುರದ ಕಡೆಯವರಾಗಿದ್ದರೆ ಗದ್ದೆಯ ಬದುವಿನ ಮೇಲೆ ಕಾಡುಕೋಣದ ಗೊರಸಿನ ಗುರುತನ್ನು ನೋಡಿರಬಹುದು. ಬೆಳಗಾವಿ ನಗರದವರಾಗಿದ್ದರೆ ನಾಯಿ, ಬೆಕ್ಕು, ಆಡುಗಳ ಹೆಜ್ಜೆಗಳನ್ನಾದರೂ ನೋಡಿಯೇ ಇರುತ್ತೀರಿ. ಆ ಪ್ರಾಣಿ ಯಾವಾಗ ಹೋಯಿತು, ಓಡುತ್ತಿತ್ತೋ ನಡೆಯುತ್ತಿತ್ತೋ ಎಂದು ಹೇಳಬಲ್ಲಿರಾ? ಈ ವಿದ್ಯೆಯನ್ನು ಕಾಡಿನ ಬಡವನೊಬ್ಬನಿಂದ ಕಲಿತು ಪ್ರಸಿದ್ಧರಾದ ಕೆನೆತ್ ಆಂಡರ್ಸನ್ ಅವರ ಜೀವನವನ್ನು ಈಗ ತಿಳಿಯೋಣ.

ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಹೈದರಾಬಾದಿನ ಬಳಿಯ ಬೊಲಾರಂನಲ್ಲಿ. ಅವರದು ಸ್ಕಾಟ್ಲೆಂಡ್ ಮೂಲದ ಕುಟುಂಬ. ಓದಿದ್ದು, ಬಾಳಿದ್ದು ಬೆಂಗಳೂರಿನಲ್ಲಿ. ಮೊದಲು ಅಂಚೆ ಮತ್ತು ತಂತಿ ಇಲಾಖೆಯಲ್ಲಿ, ಆಮೇಲೆ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡಿದರು. ಕನ್ನಡ, ತಮಿಳು ಮಾತನಾಡುತ್ತಿದ್ದರು. ರಜೆ ಸಿಕ್ಕಿತೆಂದರೆ ಕಾಡಿಗೆ ಹೊರಟುಬಿಡುತ್ತಿದ್ದರು. 1947ರ ನಂತರ ಅವರಂತಹ ಎಷ್ಟೋ ಕುಟುಂಬಗಳು ದೇಶ ಬಿಟ್ಟು ಹೋದರೂ ಅವರು ಇಲ್ಲಿಯೇ ಉಳಿದರು.

ಬೇಟೆಯ ಹವ್ಯಾಸ ಅವರಿಗೆ ತಂದೆಯಿಂದ ಬಂದದ್ದು. ಆದರೆ ಗುರಿಯಿಟ್ಟು ಹೊಡೆಯುವುದು ಬೇರೆ, ಕಣ್ಣಿಗೆ ಕಾಣದ ಪ್ರಾಣಿಯನ್ನು ಹುಡುಕಿಕೊಂಡು ಹೋಗುವುದು ಬೇರೆ. ಈ ಎರಡನೆಯದನ್ನು ಕಲಿಸಿದವನು ಬೈರ. ಅವನು ಪೂಜಾರಿ ಎಂಬ ಬುಡಕಟ್ಟಿನವನು. ಕಾವೇರಿಯನ್ನು ಸೇರುವ ಚಿನ್ನಾರ್ ಹೊಳೆಯ ಸುತ್ತಿನ ಕಾಡು ಅವನ ಊರು. ಅದು ಆಗಿನ ಸೇಲಂ ಜಿಲ್ಲೆ, ಇಂದಿನ ತಮಿಳುನಾಡಿನ ಧರ್ಮಪುರಿಯ ಭಾಗ. ಬೈರನಿಗೆ ಸರಿಯಾದ ಮನೆಯಿರಲಿಲ್ಲ, ಮೈಮೇಲೆ ಲಂಗೋಟಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ನಾಡಬಂದೂಕು ಹಿಡಿದು ನೀರಿನ ಗುಂಡಿಯ ಬಳಿ ಕಾದು ಕದ್ದು ಬೇಟೆಯಾಡುತ್ತಿದ್ದನು. ಕಾನೂನಿನ ಕಣ್ಣಿನಲ್ಲಿ ಅವನು ಕಳ್ಳ. ಪರವಾನಗಿ ಪಡೆದ ಸಾಹೇಬರು ಅದೇ ಕಾಡಿನಲ್ಲಿ ಬೇಟೆಯಾಡಿದರೆ ಅದು ಶೌರ್ಯವೆನಿಸುತ್ತಿತ್ತು! ಆಂಡರ್ಸನ್ ಮಾತ್ರ ಬೈರನನ್ನು ಗೆಳೆಯನೆಂದೂ ಗುರುವೆಂದೂ ಕಂಡರು. 1954ರಲ್ಲಿ ಬಂದ ತಮ್ಮ ಮೊದಲ ಪುಸ್ತಕದ ಒಂದು ಅಧ್ಯಾಯಕ್ಕೆ ಅವನ ಹೆಸರನ್ನೇ ಇಟ್ಟರು. ಇಲ್ಲದಿದ್ದರೆ ಬೈರನೆಂಬವನು ಇದ್ದನೆಂದು ಇಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಹೆಜ್ಜೆ ಓದುವುದೆಂದರೆ ಏನು? ಮಂತ್ರವಲ್ಲ, ಗಮನಿಸಿ ತರ್ಕಿಸುವುದು. ಹುಲಿ, ಚಿರತೆ, ಬೆಕ್ಕುಗಳು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತವೆ. ಆದ್ದರಿಂದ ಅವುಗಳ ಹೆಜ್ಜೆಯಲ್ಲಿ ನಾಲ್ಕು ಬೆರಳು ಕಾಣುತ್ತವೆ, ಉಗುರು ಕಾಣುವುದಿಲ್ಲ. ನಾಯಿ, ತೋಳಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ. ಕರಡಿಯದು ಐದು ಬೆರಳು, ಮುಂದೆ ಉದ್ದ ಉಗುರು. ಅದರ ಹಿಂಗಾಲಿನ ಗುರುತು ಬರಿಗಾಲ ಮನುಷ್ಯನದೇನೋ ಎನಿಸುತ್ತದೆ. ಗಂಡು ಹುಲಿಯ ಹಿಂಗಾಲಿನ ಹೆಜ್ಜೆ ಸುಮಾರಾಗಿ ಚೌಕಾಕಾರ, ಹೆಣ್ಣಿನದು ತುಸು ನೀಳ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಅದರ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 130 ಸೆಂ.ಮೀ. ಇದ್ದರೆ ಎತ್ತರವೆಷ್ಟು? ಲೆಕ್ಕ ಮಾಡಿ ನೋಡಿ.

ಕಠಿಣವಾದದ್ದು ಹೊತ್ತನ್ನು ತಿಳಿಯುವುದು. ಹೆಜ್ಜೆಯೊಳಗೆ ಇಬ್ಬನಿಯ ಹನಿಗಳ ಗುರುತಿದ್ದರೆ ಪ್ರಾಣಿ ಇಬ್ಬನಿ ಬೀಳುವ ಮೊದಲೇ ಹೋಗಿದೆ. ಹೆಜ್ಜೆಯ ಮೇಲೆ ಹುಳ ಹರಿದ ಗೆರೆಯಿದ್ದರೆ ಹುಳ ಆಮೇಲೆ ಬಂದದ್ದು. ಹೆಜ್ಜೆಯೇ ಗೆರೆಯನ್ನು ಅಳಿಸಿದ್ದರೆ ಪ್ರಾಣಿ ಆಮೇಲೆ ಬಂದದ್ದು. ಮೇಲಿರುವುದು ಹೊಸದು, ಕೆಳಗಿರುವುದು ಹಳೆಯದು! ಬೆಳಗಾವಿಯ ರವಿವಾರ ಪೇಟೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೈಗಾಡಿ, ಹಮಾಲರು, ಲಾರಿಗಳ ಗುರುತು ಒಂದರ ಮೇಲೊಂದು ಬಿದ್ದು ಯಾವುದೂ ಅರ್ಥವಾಗದು. ಕಾಡಿನ ನೀರಿನ ಗುಂಡಿಯ ದಂಡೆಯೂ ಅಂತಹುದೇ ಒಂದು ಪೇಟೆ. ಅದನ್ನು ಬಿಡಿಸಿ ಓದುವುದರಲ್ಲಿ ಬೈರನ ಜಾಣ್ಮೆಯಿತ್ತು.

ಕಣ್ಣಷ್ಟೇ ಸಾಲದು, ಕಿವಿಯೂ ಬೇಕು. ಹುಲಿಯೋ ಚಿರತೆಯೋ ನಡೆದು ಬಂದರೆ ಮರದ ಮೇಲಿನ ಮುಸುವ, ಕೆಳಗಿನ ಜಿಂಕೆ, ಕಡವೆಗಳು ಎಚ್ಚರಿಕೆಯ ಕೂಗು ಹಾಕುತ್ತವೆ. ಕೂಗು ಸಾಗುವ ದಿಕ್ಕನ್ನು ಗಮನಿಸಿದರೆ ಕಾಣದ ಹುಲಿ ಎತ್ತ ಹೊರಟಿದೆ ಎಂದು ಊಹಿಸಬಹುದು.

ಈ ವಿದ್ಯೆ ಆಂಡರ್ಸನ್ ಅವರಿಗೆ ಶೋಕಿಯಾಗಿ ಉಳಿಯಲಿಲ್ಲ. ಗಾಯವಾಗಿಯೋ ಮುಪ್ಪಿನಿಂದಲೋ ಬೇಟೆಯಾಡಲಾರದ ಹುಲಿ, ಚಿರತೆಗಳು ಕೆಲವೊಮ್ಮೆ ಮನುಷ್ಯರನ್ನು ಹಿಡಿಯುವುದುಂಟು. ಹಾಗಾದಾಗ ಹಳ್ಳಿಯ ಜನ ಸಂಜೆಯಾಗುವ ಮೊದಲೇ ಬಾಗಿಲು ಹಾಕಿಕೊಳ್ಳಬೇಕಿತ್ತು. ಗುಮ್ಮಳಾಪುರದ ಚಿರತೆಯೊಂದು 42 ಜನರನ್ನು ಕೊಂದಿತ್ತೆಂದು ಅವರು ಬರೆದಿದ್ದಾರೆ. ಹೊಸದುರ್ಗ, ಹೊಳಲ್ಕೆರೆ, ತಾಗರ್ತಿ, ಬೆಂಗಳೂರಿನ ಪಕ್ಕದ ಜಾಲಹಳ್ಳಿಗಳೂ ಅವರ ಕತೆಗಳಲ್ಲಿ ಬರುತ್ತವೆ. ಹೆಜ್ಜೆಯನ್ನು ತಪ್ಪಾಗಿ ಓದಿದರೆ ಎರಡು ಅಪಾಯ: ತಪ್ಪು ಮಾಡದ ಬೇರೊಂದು ಪ್ರಾಣಿ ಸಾಯಬಹುದು, ಇಲ್ಲವೇ ಹುಡುಕಿ ಹೋದವನೇ ಬಲಿಯಾಗಬಹುದು. ಅವರು ಒಳ್ಳೆಯ ಕತೆಗಾರರು, ಹೀಗಾಗಿ ಬರಹಕ್ಕೆ ಒಂದಿಷ್ಟು ಉಪ್ಪು ಖಾರ ಬೆರೆತಿರಲೂಬಹುದು. ಪೂರ್ಣಚಂದ್ರ ತೇಜಸ್ವಿಯವರು ಈ ಕತೆಗಳನ್ನು ಕಾಡಿನ ಕಥೆಗಳು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ ಇದೆಯೇ ಎಂದು ಗುರುಗಳನ್ನು ಕೇಳಿ.

ವಯಸ್ಸಾದಂತೆ ಆಂಡರ್ಸನ್ ಬಂದೂಕನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. ಕಾಡು ಬರಿದಾಗುತ್ತಿರುವುದು ಅವರಿಗೆ ಕಾಣುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1973ರಲ್ಲಿ ಹುಲಿ ಯೋಜನೆ ಶುರುವಾಗಿ ಬಂಡೀಪುರ ಅದರಲ್ಲಿ ಸೇರಿತು. 1974ರ ಆಗಸ್ಟ್‌ನಲ್ಲಿ ಅವರು ಕ್ಯಾನ್ಸರ್‌ನಿಂದ ಬೆಂಗಳೂರಿನಲ್ಲಿ ತೀರಿಕೊಂಡರು.

ಬಹುಕಾಲ ನಮ್ಮ ದೇಶದಲ್ಲಿ ಹುಲಿಗಳನ್ನು ಎಣಿಸಿದ್ದು ಹೆಜ್ಜೆ ಗುರುತಿನಿಂದಲೇ. ಆದರೆ ಮಣ್ಣು ಮೆತ್ತಗಿದ್ದರೆ ಒಂದೇ ಹುಲಿಯ ಹೆಜ್ಜೆ ದೊಡ್ಡದಾಗಿ, ಗಟ್ಟಿಯಿದ್ದರೆ ಚಿಕ್ಕದಾಗಿ ಮೂಡುತ್ತದೆ. ಒಂದನ್ನೇ ಎರಡೆಂದು ಎಣಿಸಿಬಿಡಬಹುದು. ಆದ್ದರಿಂದ ಈಗ ಕಾಡಿನ ದಾರಿಯಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ನಮ್ಮ ಬೆರಳಚ್ಚಿನಂತೆ ಹುಲಿಯ ಪಟ್ಟೆಗಳೂ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಕ್ಯಾಮೆರಾವನ್ನು ಯಾವ ಮರಕ್ಕೆ ಕಟ್ಟಬೇಕು? ಅದನ್ನು ತಿಳಿಯಲು ಇಂದಿಗೂ ಹೆಜ್ಜೆ, ಲದ್ದಿ, ಮರ ಕೆರೆದ ಗುರುತುಗಳನ್ನು ಬಲ್ಲವರು ಬೇಕು. 2011ರಲ್ಲಿ ಅಭಯಾರಣ್ಯವಾದ ನಮ್ಮ ಖಾನಾಪುರದ ಭೀಮಗಡದಂತಹ ದಟ್ಟ ಕಾಡಿನಲ್ಲಿ ಅಂಥವರಿಲ್ಲದೆ ಕೆಲಸ ಸಾಗುವುದು ಕಷ್ಟ.

ನೀವೂ ಅಭ್ಯಾಸ ಮಾಡಬಹುದು. ಕಾಡಿಗೆ ಮಾತ್ರ ಹೋಗಬೇಡಿ, ಕರಡಿ ಎದುರಾದರೆ ಕಷ್ಟ. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಳದ ಒಂದು ಮೂಲೆಯಲ್ಲಿ ನುಣ್ಣನೆಯ ಮಣ್ಣು ಹರಡಿ ನೀರು ಚಿಮುಕಿಸಿ, ಅಂಗೈಯಿಂದ ಸಮ ಮಾಡಿ ಬಿಡಿ. ಮರುದಿನ ಪ್ರಾರ್ಥನೆಗೆ ಮೊದಲು ಬಂದು ರಾತ್ರಿ ಯಾರು ಯಾರು ಬಂದಿದ್ದರು, ಯಾರು ಮೊದಲು ಬಂದರು ಎಂದು ನೋಡಿ ಬರೆದಿಡಿ.