ಹ್ಯಾರಿ ಫರ್ಗೂಸನ್: ಟ್ರ್ಯಾಕ್ಟರ್‌ನ ಬಲ ಬರೀ ಭಾರದಲ್ಲಿಲ್ಲ ಎಂದು ತೋರಿಸಿದವರು

ಟ್ರ್ಯಾಕ್ಟರ್ ಭಾರವಿದ್ದಷ್ಟೂ ಚೆನ್ನಾಗಿ ಉಳುತ್ತದೆ, ಮುಂದಿನ ಚಕ್ರ ಮೇಲೆದ್ದರೆ ಮುಂದೆ ಇನ್ನಷ್ಟು ತೂಕ ಕಟ್ಟಿದರಾಯಿತು. ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಜಗತ್ತಿಗೆ ತೋರಿಸಿದವರು ಐರ್ಲೆಂಡಿನ ಒಬ್ಬ ರೈತನ ಮಗ, ಹ್ಯಾರಿ ಫರ್ಗೂಸನ್.

ಅವರು ಹುಟ್ಟಿದ್ದು 1884ರ ನವೆಂಬರ್ 4ರಂದು, ಕೌಂಟಿ ಡೌನ್‌ನ ಡ್ರೊಮೋರ್ ಬಳಿ. ಹೊಲದ ಕೆಲಸ ಹಿಡಿಸದೆ 1902ರಲ್ಲಿ ಬೆಲ್‌ಫಾಸ್ಟ್‌ಗೆ ಹೋಗಿ ಅಣ್ಣನ ವಾಹನ ರಿಪೇರಿ ಅಂಗಡಿ ಸೇರಿದರು. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನವನ್ನು ಹಾರಿಸಿ, ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗರಾದರು.

ಮೊದಲ ಮಹಾಯುದ್ಧದ ವೇಳೆ ಆಹಾರದ ಕೊರತೆ ಎದುರಾದಾಗ, 1917ರಲ್ಲಿ, ಐರ್ಲೆಂಡಿನ ಟ್ರ್ಯಾಕ್ಟರ್‌ಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆ ಅವರ ಮೇಲೆ ಬಿತ್ತು. ಊರೂರು ಸುತ್ತಿದಾಗ ಅವರಿಗೆ ದೋಷ ಕಂಡದ್ದು ಎಂಜಿನ್‌ನಲ್ಲಲ್ಲ, ನೇಗಿಲು ಕಟ್ಟುವ ರೀತಿಯಲ್ಲಿ.

ಆಗ ನೇಗಿಲನ್ನು ಗಾಡಿಯಂತೆ ಹಿಂದೆ ಸಿಕ್ಕಿಸಿ ಎಳೆಯುತ್ತಿದ್ದರು. ಅದು ಬಂಡೆಗೆ ಸಿಕ್ಕಿಕೊಂಡರೂ ಎಂಜಿನ್ ತನ್ನ ಕೆಲಸ ಬಿಡುವುದಿಲ್ಲ. ಹಿಂದಿನ ಚಕ್ರ ಮುಂದಕ್ಕೆ ಉರುಳಲಾಗದಿದ್ದಾಗ ಆ ಬಲ ಟ್ರ್ಯಾಕ್ಟರನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲೆದ್ದು, ಇಡೀ ಯಂತ್ರ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಆ ಕಾಲದ ಜನಪ್ರಿಯ ಫೋರ್ಡ್‌ಸನ್ ಟ್ರ್ಯಾಕ್ಟರ್‌ಗಳು ಹೀಗೆ ಮಗುಚಿ ಹಲವರು ಸತ್ತಿದ್ದರು.

ಫರ್ಗೂಸನ್ ನೇಗಿಲನ್ನು ಮೂರು ಕಡೆ ಜೋಡಿಸಿದರು: ಕೆಳಗೆ ಎರಡು ತೋಳು, ಮೇಲೆ ಒಂದು. ನಮ್ಮ ರೈತರು ಇಂದಿಗೂ ಟಾಪ್ ಲಿಂಕ್ ಎನ್ನುವುದು ಈ ಮೇಲಿನ ತೋಳನ್ನೇ. ಉಳುವಾಗ ಕೆಳಗಿನ ತೋಳುಗಳು ನೇಗಿಲನ್ನು ಎಳೆಯುತ್ತವೆ, ಮೇಲಿನದು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿ ಏಳದಂತೆ ತಡೆಯುತ್ತದೆ. ನೇಗಿಲಿನ ಭಾರ ಮತ್ತು ಮಣ್ಣು ಅದನ್ನು ಕೆಳಕ್ಕೆಳೆಯುವ ಬಲ ಎರಡೂ ಹಿಂದಿನ ಚಕ್ರದ ಮೇಲೆ ಕೂತು ಹಿಡಿತ ಹೆಚ್ಚಿಸುತ್ತವೆ. ಹಾಗಾಗಿ ಹಗುರ ಟ್ರ್ಯಾಕ್ಟರ್ ಕೂಡ ಚೆನ್ನಾಗಿ ಉಳಬಲ್ಲದು. ಮಣ್ಣು ಬಿಗಿಯಾದರೆ ಟಾಪ್ ಲಿಂಕ್ ಮೇಲಿನ ಒತ್ತಡವನ್ನು ಗುರುತಿಸಿ ಹೈಡ್ರಾಲಿಕ್ ವ್ಯವಸ್ಥೆ ನೇಗಿಲನ್ನು ತುಸು ಎತ್ತುತ್ತದೆ. ಬಂಡೆಗೇ ಬಡಿದರೆ ಎಣ್ಣೆಯ ಒತ್ತಡ ಬಿಟ್ಟುಕೊಟ್ಟು ಚಕ್ರದ ಮೇಲಿನ ಭಾರ ಇಳಿಯುತ್ತದೆ. ಚಕ್ರ ನಿಂತಲ್ಲೇ ಜಾರುತ್ತದೆ, ಟ್ರ್ಯಾಕ್ಟರ್ ಮಗುಚುವುದಿಲ್ಲ.

ಈ ರಕ್ಷಣೆ ಇರುವುದು ಉಪಕರಣ ಮೂರೂ ಕಡೆ ಜೋಡಿಸಿದ್ದಾಗ ಮಾತ್ರ. ಕೆಸರಲ್ಲಿ ಹೂತ ಲಾರಿಯನ್ನೋ ಮರದ ದಿಮ್ಮಿಯನ್ನೋ ಎಳೆಯಲು ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಬಿಗಿದರೆ ಫೋರ್ಡ್‌ಸನ್ ಕಾಲದ ಅಪಾಯವೇ ಮರಳುತ್ತದೆ. ಸರಪಳಿ ಯಾವಾಗಲೂ ಅಚ್ಚಿಗಿಂತ ಕೆಳಗಿನ ಡ್ರಾಬಾರ್‌ಗೇ ಇರಬೇಕು.

1938ರಲ್ಲಿ ಫರ್ಗೂಸನ್ ಅಮೆರಿಕದ ಹೆನ್ರಿ ಫೋರ್ಡ್ ಜತೆ ಕೈಕುಲುಕಿಯೇ ಒಪ್ಪಂದ ಮಾಡಿಕೊಂಡರು, ಕಾಗದಪತ್ರ ಇರಲಿಲ್ಲ. ಫೋರ್ಡ್ ತೀರಿಕೊಂಡ 1947ರಲ್ಲೇ ಆ ಒಪ್ಪಂದ ಮುರಿದುಬಿತ್ತು. (ಇಷ್ಟು ಲೆಕ್ಕಾಚಾರದ ಮನುಷ್ಯ ಇಲ್ಲಿ ಯಾಕೆ ಎಡವಿದರೋ!) 25.1 ಕೋಟಿ ಡಾಲರ್ ಕೇಳಿ ಹೂಡಿದ ದಾವೆ 1952ರಲ್ಲಿ 92.5 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಅಷ್ಟರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವರ ಟಿಇ20 ಟ್ರ್ಯಾಕ್ಟರ್ ತಯಾರಾಗುತ್ತಿತ್ತು. 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ಹೊರಬಂದವು. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದೂ ಇವುಗಳಲ್ಲೇ. ಹಳೆಯ ಟ್ರ್ಯಾಕ್ಟರ್ ಕೂಡಿಡುವ ಹವ್ಯಾಸಿಗಳಿಗೆ ಇಂದಿಗೂ ಟಿಇ20 ಎಂದರೆ ಪ್ರೀತಿ. ಮೂಲ ಬಣ್ಣ ಬೂದು. ಕೆಂಪು ಟಿಇ20 ಕಂಡರೆ ಆಮೇಲೆ ಯಾರೋ ಬಳಿದದ್ದು ಎಂದುಕೊಳ್ಳಿ. ಆದರೆ ಬಣ್ಣ ಹೊಳೆದರೆ ಸಾಲದು. ಹೈಡ್ರಾಲಿಕ್ ಲಿಫ್ಟ್ ಭಾರ ಎತ್ತಿ ಹಿಡಿಯುತ್ತದೆಯೇ ಎಂದು ನೋಡದೆ ದುರಸ್ತಿ ಮುಗಿಯಿತು ಎನ್ನುವಂತಿಲ್ಲ.

1953ರಲ್ಲಿ ಅವರ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜತೆ ಸೇರಿತು. ಫರ್ಗೂಸನ್ 1960ರ ಅಕ್ಟೋಬರ್ 25ರಂದು ತೀರಿಕೊಂಡರು. ಅದೇ ವರ್ಷ ಚೆನ್ನೈನಲ್ಲಿ ಶುರುವಾದ ಟಾಫೆ ಕಂಪನಿ ದಶಕಗಳ ಕಾಲ ಮ್ಯಾಸಿ ಫರ್ಗೂಸನ್ ಟ್ರ್ಯಾಕ್ಟರ್‌ಗಳನ್ನು ನಮ್ಮ ಹೊಲಗಳಿಗೆ ತಂದಿತು. ಅದರ ಒಂದು ಕಾರ್ಖಾನೆ ನಮ್ಮ ದೊಡ್ಡಬಳ್ಳಾಪುರದಲ್ಲಿದೆ.