ಗ್ರಹಪಥದ ಸತ್ಯಾನ್ವೇಷಿ ಯೊಹಾನೆಸ್ ಕೆಪ್ಲರ್

ತಾನೇ ಬಹುಕಾಲ ಶ್ರಮಿಸಿ ಕಟ್ಟಿದ ಸಿದ್ಧಾಂತವನ್ನು, ಅದು ಸತ್ಯಕ್ಕೆ ಒಪ್ಪದೆಂದು ಕಂಡೊಡನೆ ತಾನೇ ಕೆಡಹಬಲ್ಲ ಎದೆಗಾರಿಕೆ ಸಾವಿರದಲ್ಲೊಬ್ಬರಿಗೆ ಇರುತ್ತದೆ. ಅಂತಹ ವಿರಳರಲ್ಲಿ ಖಗೋಳಶಾಸ್ತ್ರಜ್ಞ ಯೊಹಾನೆಸ್ ಕೆಪ್ಲರನು ಅಗ್ರಗಣ್ಯನು.

ಈತನು 1571ನೆಯ ಡಿಸೆಂಬರ್ 27ರಂದು ಜರ್ಮನ್ ನಾಡಿನ ವೈಲ್ ಡೆರ್ ಷ್ಟಾಟ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆಯು ಕೂಲಿಗಾಗಿ ಕಾದುವ ಸೈನಿಕ. ಮನೆಯಲ್ಲಿ ನಿಂತದ್ದು ಅಪರೂಪ. ಬಾಲ್ಯದಲ್ಲಿ ತಗುಲಿದ ಸಿಡುಬು ಮಗನ ದೃಷ್ಟಿಯನ್ನು ಕುಂದಿಸಿತು. ಆದರೂ 1577ರಲ್ಲಿ ಆಗಸದಲ್ಲಿ ಮಹಾಧೂಮಕೇತು ಮೂಡಿದಾಗ ತಾಯಿ ಕತರೀನಳು ಅವನನ್ನು ಎತ್ತರದ ತಾಣಕ್ಕೆ ಕರೆದೊಯ್ದು ತೋರಿಸಿದಳು. ಮುಂದೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಗುರು ಮೆಸ್ಟ್ಲಿನನಿಂದ ಕೊಪರ್ನಿಕಸನ ಸೂರ್ಯಕೇಂದ್ರ ಸಿದ್ಧಾಂತವನ್ನು ಅರಿತನು. ಧರ್ಮೋಪದೇಶಕನಾಗಬೇಕೆಂದಿದ್ದ ತರುಣನು 1594ರಲ್ಲಿ ಗ್ರಾಟ್ಸ್ ನಗರದ ಗಣಿತೋಪಾಧ್ಯಾಯನಾದನು.

ಮತಕಲಹದಿಂದಾಗಿ ಆ ನಗರವನ್ನು ತೊರೆಯಬೇಕಾಗಿ ಬಂದಾಗ, 1600ರಲ್ಲಿ ಪ್ರಾಗ್ ನಗರ ಸೇರಿ ಟೈಕೊ ಬ್ರಾಹೆಗೆ ಸಹಾಯಕನಾದನು. ದೂರದರ್ಶಕವಿಲ್ಲದ ಆ ಕಾಲದಲ್ಲಿ ಬರಿಗಣ್ಣಿನಿಂದ ಗ್ರಹಸ್ಥಾನಗಳನ್ನು ಅಳೆಯುವುದರಲ್ಲಿ ಬ್ರಾಹೆಗೆ ಸಮಾನರಿರಲಿಲ್ಲ. ಮರುವರ್ಷವೇ ಆತನು ತೀರಿಕೊಳ್ಳಲು, ಕೆಪ್ಲರನು ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಗಣಿತಜ್ಞನಾದನು. ಬ್ರಾಹೆಯ ಅಳತೆಗಳ ನಿಧಿಯೂ ಅವನ ಕೈಸೇರಿತು.

ಕುಜಗ್ರಹದ ಪಥವನ್ನು ನಿರ್ಣಯಿಸುವುದು ಅವನ ಮುಂದಿದ್ದ ಕಾರ್ಯ. ಗ್ರಹಪಥವು ವೃತ್ತವಾಗಿಯೇ ಇರಬೇಕೆಂಬುದು ಎರಡು ಸಾವಿರ ವರ್ಷಗಳ ದೃಢವಾದ ನಂಬಿಕೆ. ಅದನ್ನೇ ಹಿಡಿದು ಹಾಳೆಗಟ್ಟಲೆ ಲೆಕ್ಕ ಮಾಡಿದಾಗ, ಗಣಿತಕ್ಕೂ ಬ್ರಾಹೆಯ ವೀಕ್ಷಣೆಗೂ 8 ಕಲೆಗಳ ಅಂತರ ಉಳಿಯಿತು. ಒಂದು ಅಂಶದ 60ನೆಯ ಒಂದು ಭಾಗವೇ ಕಲೆ. 8 ಕಲೆಗಳೆಂದರೆ ಪೂರ್ಣಚಂದ್ರಬಿಂಬದ ಅಗಲದ ಸುಮಾರು ಕಾಲುಭಾಗ. ಇತರರಾಗಿದ್ದರೆ ಅದನ್ನು ಅಳೆದವನ ದೋಷವೆಂದು ಬಿಟ್ಟುಬಿಡುತ್ತಿದ್ದರು. ಕೆಪ್ಲರನಾದರೋ ಬ್ರಾಹೆಯ ಅಳತೆಯನ್ನು ನಂಬಿ ತನ್ನ ಲೆಕ್ಕವನ್ನೇ ತ್ಯಜಿಸಿದನು. ಕಡೆಗೆ ಆ ಪಥವು ದೀರ್ಘವೃತ್ತವೆಂದೂ, ಅದರ ಒಂದು ನಾಭಿಯಲ್ಲಿ ಸೂರ್ಯನಿರುವನೆಂದೂ ಕಂಡುಕೊಂಡನು. ಗ್ರಹವು ಸೂರ್ಯನ ಸಮೀಪದಲ್ಲಿ ವೇಗವಾಗಿಯೂ ದೂರದಲ್ಲಿ ನಿಧಾನವಾಗಿಯೂ ಚಲಿಸುವುದಾದರೂ, ಎರಡನ್ನೂ ಕೂಡಿಸುವ ರೇಖೆಯು ಸಮಾನ ಕಾಲದಲ್ಲಿ ಸಮಾನ ಕ್ಷೇತ್ರವನ್ನು ಆಕ್ರಮಿಸುವುದೆಂಬುದು ಇನ್ನೊಂದು ನಿಯಮ. ಇವೆರಡೂ 1609ರಲ್ಲಿ ಪ್ರಕಟವಾದವು.

ವಿದ್ಯೆ ಬೆಳಗಿದರೂ ಬಾಳು ಬೆಳಗಲಿಲ್ಲ. 1611ರಲ್ಲಿ ಹೆಂಡತಿಯೂ ಒಬ್ಬ ಮಗನೂ ತೀರಿಕೊಂಡರು. 1615ರಲ್ಲಿ, ಹಿಂದೆ ಧೂಮಕೇತುವನ್ನು ತೋರಿಸಿದ್ದ ತಾಯಿಯ ಮೇಲೆಯೇ ಮಾಟಗಾತಿಯೆಂಬ ಆರೋಪ ಬಂದಿತು. ಈ ಸಂಕಟದ ನಡುವೆಯೇ 1618ರಲ್ಲಿ ಮೂರನೆಯ ನಿಯಮ ಹೊಳೆಯಿತು: ಪರಿಭ್ರಮಣ ಕಾಲದ ವರ್ಗವು ಸೂರ್ಯನಿಂದಿರುವ ಸರಾಸರಿ ದೂರದ ಘನಕ್ಕೆ ಅನುಗುಣವಾಗಿರುತ್ತದೆ. ಭೂಮಿಗಿಂತ 4 ಪಟ್ಟು ದೂರದಲ್ಲಿ ಗ್ರಹವೊಂದಿದ್ದರೆ ಅದರ ಒಂದು ಸುತ್ತಿಗೆ 8 ವರ್ಷ ಬೇಕು. 1620ರಲ್ಲಿ ವೃದ್ಧ ತಾಯಿಯನ್ನು ಸೆರೆಯಲ್ಲಿಟ್ಟು ಸಂಕೋಲೆ ತೊಡಿಸಿದರು. ಕೆಪ್ಲರನು ಕೆಲಸವನ್ನು ಬದಿಗಿಟ್ಟು, ಆರೋಪಗಳೆಲ್ಲಕ್ಕೂ ಗಣಿತದ ಕಟ್ಟುನಿಟ್ಟಿನಿಂದ ಉತ್ತರ ಬರೆದು ವಾದಿಸಿದನು. ಹದಿನಾಲ್ಕು ತಿಂಗಳ ಸೆರೆವಾಸದ ಬಳಿಕ 1621ರಲ್ಲಿ ಆಕೆಯ ಬಿಡುಗಡೆಯಾಯಿತು. ಮರುವರ್ಷ ಆಕೆ ಕಣ್ಮುಚ್ಚಿದಳು.

1627ರಲ್ಲಿ ಆತನು ರುಡಾಲ್ಫನ ಹೆಸರಿನ ಗ್ರಹಗಣಿತದ ಕೋಷ್ಟಕಗಳನ್ನು ಪ್ರಕಟಿಸಿದನು. 1631ರ ನವೆಂಬರ್ 7ರಂದು ಬುಧನು ಸೂರ್ಯಬಿಂಬವನ್ನು ಹಾದುಹೋಗುವನೆಂದು ಮುಂಚೆಯೇ ಸಾರಿದನು. ಪ್ಯಾರಿಸಿನಲ್ಲಿ ಗಸ್ಸೆಂಡಿಯು ಅದನ್ನು ಕಣ್ಣಾರೆ ಕಂಡನು. ಆದರೆ ಸಾರಿದವನು ಆಗ ಇರಲಿಲ್ಲ. ತನಗೆ ಬರಬೇಕಾಗಿದ್ದ ಬಾಕಿ ಹಣಕ್ಕಾಗಿ ರೇಗೆನ್ಸ್‌ಬುರ್ಗಿಗೆ ಹೋದ ಕೆಪ್ಲರನು ಅಲ್ಲಿಯೇ ಜ್ವರಪೀಡಿತನಾಗಿ 1630ರ ನವೆಂಬರ್ 15ರಂದು ನಿಧನ ಹೊಂದಿದ್ದನು. ಮೂವತ್ತು ವರ್ಷಗಳ ಯುದ್ಧದಲ್ಲಿ ಅವನ ಸಮಾಧಿಯೂ ಅಳಿದುಹೋಯಿತು.

ಸಮಾಧಿ ಅಳಿದರೂ ನಿಯಮಗಳು ಅಳಿಯಲಿಲ್ಲ. ನ್ಯೂಟನ್ನನ ಗುರುತ್ವ ಸಿದ್ಧಾಂತವು ಅವುಗಳಿಗೆ ಕಾರಣವನ್ನು ತೋರಿಸಿತು. ಮಾನವನು ಹಾರಿಸಿದ ಉಪಗ್ರಹಗಳ ಪಥವನ್ನು ಲೆಕ್ಕಹಾಕಲು ಇಂದಿಗೂ ಅವೇ ಆಧಾರ. 2009ರಿಂದ 2018ರವರೆಗೆ ಕಾರ್ಯನಿರತವಾಗಿದ್ದ ಕೆಪ್ಲರ್ ವ್ಯೋಮದರ್ಶಕವು ಅನ್ಯ ನಕ್ಷತ್ರಗಳ ಸುತ್ತ 2,600ಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆಹಚ್ಚಿ ಆ ಹೆಸರನ್ನು ಸಾರ್ಥಕಗೊಳಿಸಿತು. ಎಂಟೇ ಕಲೆಗಳ ಅಂತರವನ್ನು ಉಪೇಕ್ಷಿಸದಿದ್ದುದರಿಂದ ಒಂದು ಶಾಸ್ತ್ರವೇ ಹೊಸದಾಯಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.