ಬಾಲು ಕಾರ್ಡಿನಲ್ಲಿ ಇಲ್ಲದ ಕಾಲಂ

33 ಪಂದ್ಯ, 179 ವಿಕೆಟ್, ಸರಾಸರಿ 15.21. ಪಾಲ್ವಂಕರ್ ಬಾಲು ಅವರ ಪ್ರಥಮ ದರ್ಜೆ ಕ್ರಿಕೆಟ್‌ನ ಲೆಕ್ಕ ಇಷ್ಟೇ.

ಮಾರ್ಟಳ್ಳಿಯಲ್ಲಿ ನಾವು ಹುಡುಗರು ಕ್ರಿಕೆಟ್ ಟ್ರಂಪ್ ಕಾರ್ಡ್ ಆಡ್ತಿದ್ವಿ. ಒಂದು ಕಾಲಂ ಹೆಸರು ಕೂಗೋದು, ಅಂಕಿ ಜೋರಿದ್ದವನು ಎದುರಾಳಿಯ ಕಾರ್ಡ್ ಕಿತ್ಕೊಳ್ಳೋದು. ನಮ್ಮ ಕಟ್ಟಿನಲ್ಲಿ ಬಾಲು ಇರಲಿಲ್ಲ. ಇದ್ದಿದ್ದರೆ, ಪಂದ್ಯ ಅಂತ ಕೂಗಿದವನು ಕಾರ್ಡ್ ಕಳ್ಕೊಳ್ತಿದ್ದ. ಬೌಲಿಂಗ್ ಸರಾಸರಿ ಅಂದಿದ್ದರೆ ಬೇಡಿ, ಪ್ರಸನ್ನ, ಚಂದ್ರಶೇಖರ್ ಮೂವರನ್ನೂ ಗೆಲ್ತಿದ್ದ. ಅವರ್ಯಾರ ಸರಾಸರಿಯೂ 20ಕ್ಕಿಂತ ಕೆಳಗಿಲ್ಲ.

ಬಾಲು ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಕಡೆಯದು, ಜಾತಿ ಚಮ್ಮಾರರದ್ದು. ಬೆಳೆದದ್ದು ಪುಣೆಯಲ್ಲಿ, ಸೇನಾಧಿಕಾರಿಗಳು ಬಿಟ್ಟುಹೋದ ಬ್ಯಾಟು ಚೆಂಡು ಹಿಡಿದು. ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ, ಪಿಚ್ ಗುಡಿಸಿ ರೋಲರ್ ಎಳೆಯೋದು, ತಿಂಗಳಿಗೆ 3 ರೂಪಾಯಿ. ಆಮೇಲೆ ಬ್ರಿಟಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಗ್ರೇಗ್ ಎಂಬ ಅಧಿಕಾರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಕೈ ಪಳಗಿತು. ಆದರೆ ಬ್ಯಾಟ್ ಮಾತ್ರ ಅವರ ಕೈಗೆ ಬರ್ತಿರಲಿಲ್ಲ. ಬ್ಯಾಟಿಂಗ್ ದೊರೆಗಳದ್ದು, ಬೌಲಿಂಗ್ ಕೂಲಿಯವರದ್ದು.

ಈ ಬೌಲರ್ ಪೂನಾದ ಹಿಂದೂ ತಂಡಕ್ಕೂ ಬೇಕಾಯಿತು. ಮೇಲ್ಜಾತಿಯವರು ಚರ್ಚೆ ಮಾಡಿ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಟೀ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ತಟ್ಟೆ. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತೋ!

ಪ್ಲೇಗಿನ ಕಾಲದಲ್ಲಿ ಬಾಲು ಬಾಂಬೆಗೆ ಹೋದರು. ಅಲ್ಲಿ ಕ್ರಮೇಣ ಒಟ್ಟಿಗೆ ಊಟಕ್ಕೂ ಕೂರಿಸಿಕೊಂಡರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲು 8 ವಿಕೆಟ್ ಕಿತ್ತರು. ಅಸ್ಪೃಶ್ಯನನ್ನು ಜತೆಗಿಟ್ಟುಕೊಂಡರೆ ಆಳುವವರನ್ನೂ ಮಣಿಸಬಹುದು ಅಂತ ಸುಧಾರಕರು ಸಂಭ್ರಮಿಸಿದರು. ನನಗೆ ಆ ಸಂಭ್ರಮ ಅರ್ಧ ಮಾತ್ರ ಒಪ್ಪಿಗೆ. ಗೆಲ್ಲಿಸದೇ ಇದ್ದಿದ್ದರೆ ಊಟದ ಮೇಜು ಸಿಗ್ತಿತ್ತಾ?

1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಬಾಲು ಮಾತ್ರ ಎಲ್ಲ ಪಂದ್ಯ ಸೇರಿ 114 ವಿಕೆಟ್ ತೆಗೆದು ಬಂದರು. ವಾಪಸ್ ಬಂದಾಗ ಸನ್ಮಾನಗಳಾದವು. ಯುವಕ ಅಂಬೇಡ್ಕರ್ ಕೂಡ ಅವರನ್ನು ಮೆಚ್ಚಿ ಗೌರವಿಸಿದವರೇ.

ಹಿಂದೂ ತಂಡದ ನಾಯಕತ್ವ ಮಾತ್ರ ಸಿಗಲಿಲ್ಲ. ಹತ್ತು ವರ್ಷ ಅವರ ಹೆಸರು ಚರ್ಚೆಗೆ ಬರೋದು, ಮೇಲ್ಜಾತಿಯ ಇನ್ನೊಬ್ಬರ ಪಾಲಾಗೋದು. ನಾಯಕ ಪೈ ಅವರಿಗೇ ಇದು ಸರಿ ಅನ್ನಿಸಿರಲಿಲ್ಲ. 1920ರಲ್ಲಿ ಬಾಲು ಅವರನ್ನು ತಂಡದಿಂದಲೇ ಬಿಟ್ಟಾಗ, ತಮ್ಮಂದಿರಾದ ಶಿವರಾಮ್ ಮತ್ತು ವಿಠಲ್ ಆಡಲ್ಲ ಅಂತ ಬಹಿರಂಗವಾಗಿ ಹೊರನಡೆದರು. ಗದ್ದಲವಾಯಿತು. ಮುಂದಿನ ಪಂದ್ಯಕ್ಕೆ ಬಾಲು ಉಪನಾಯಕ. ಪೈ ಬೇಕೆಂದೇ ಮೈದಾನದಿಂದ ಹೊರಗೆ ನಡೆದು ಸ್ವಲ್ಪ ಹೊತ್ತು ತಂಡವನ್ನು ಅವರ ಕೈಗೆ ಕೊಟ್ಟರು. ನಲವತ್ತು ದಾಟಿದ ಬಾಲು ಪಾಲಿಗೆ ಬಂದ ನಾಯಕತ್ವ ಅಷ್ಟೇ. ಮೂರು ವರ್ಷದ ನಂತರ ವಿಠಲ್ ನಾಯಕರಾದರು.

ಇಲ್ಲಿಗೆ ನಿಲ್ಲಿಸಿದರೆ ಬಾಲು ನಮಗೆ ಹಿಡಿಸುವ ಹೀರೋ. ಆದರೆ ಅವರು ಗಾಂಧಿಯ ಕಡೆ ವಾಲಿದರು, ಪ್ರತ್ಯೇಕ ಮತಕ್ಷೇತ್ರವನ್ನು ವಿರೋಧಿಸಿದರು, 1932ರ ಪೂನಾ ಒಪ್ಪಂದದ ಮಾತುಕತೆಯಲ್ಲಿ ಎಂ.ಸಿ. ರಾಜಾ ಜತೆ ಮಧ್ಯಸ್ಥಿಕೆಗೆ ನಿಂತರು. 1937ರಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಎದುರಿಗೇ ನಿಲ್ಲಿಸಿತು. ದಲಿತ ನಾಯಕನನ್ನು ಸೋಲಿಸಲು ಇನ್ನೊಬ್ಬ ದಲಿತನನ್ನು ಹುಡುಕೋ ಆ ಲೆಕ್ಕಾಚಾರ ನಮಗೇನು ಹೊಸದಲ್ಲ. ಹಾಗಂತ ಬಾಲು ಅವರನ್ನು ಬರೀ ದಾಳ ಅನ್ನೋದೂ ನನಗೆ ಒಪ್ಪಿಗೆಯಿಲ್ಲ. ಒಟ್ಟಿಗೆ ಆಡಿದರೆ ಮೇಲ್ಜಾತಿಯವರು ನಿಧಾನಕ್ಕಾದರೂ ಬದಲಾಗ್ತಾರೆ ಅನ್ನೋದನ್ನ ಅವರು ಕುಡಿಕೆಯಿಂದ ಊಟದ ಮೇಜಿನವರೆಗೆ ಕಣ್ಣಾರೆ ಕಂಡಿದ್ದರು. ಅಂಬೇಡ್ಕರ್ ಕಂಡದ್ದು ಆ ಬದಲಾವಣೆ ಯಾರ ಮರ್ಜಿಯ ಮೇಲೆ ನಿಂತಿದೆ ಅನ್ನೋದನ್ನ. ನನ್ನ ಮತ ಅಂಬೇಡ್ಕರ್‌ಗೇ ಬೀಳ್ತಿತ್ತು.

ಅಂಬೇಡ್ಕರ್‌ಗೆ 13,245 ಮತ ಬಂತು, ಬಾಲುಗೆ 11,225. ಬಾಲು 1955ರ ಜುಲೈನಲ್ಲಿ ಬಾಂಬೆಯಲ್ಲಿ ತೀರಿಕೊಂಡರು.